ವೈಮಾನಿಕರ ಚರ್ಮದ ಜಾಕೆಟು: ಒಳ್ಳೆಯದನ್ನು ಗುರುತಿಸುವುದು ಹೇಗೆ?

ನಿಮ್ಮಲ್ಲಿ ಹಲವರು 1986ರ 'ಟಾಪ್ ಗನ್' ಚಲನಚಿತ್ರವನ್ನು ನೋಡಿರುತ್ತೀರಿ. ಅದರಲ್ಲಿ ನಾಯಕ ಟಾಮ್ ಕ್ರೂಸ್ ತೊಟ್ಟಿರುವುದು ಅಮೆರಿಕದ ನೌಕಾಪಡೆಯ ವೈಮಾನಿಕರ ಜಾಕೆಟು. ಅದಕ್ಕೂ ಮೊದಲು, 1963ರಲ್ಲಿ ಬಂದ 'ದ ಗ್ರೇಟ್ ಎಸ್ಕೇಪ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಅಮೆರಿಕದ ಸೇನಾ ವೈಮಾನಿಕರ ಕಂದು ಜಾಕೆಟನ್ನು ತೊಟ್ಟಿದ್ದರು. ಇಂಥ ಚಿತ್ರಗಳನ್ನು ನೋಡಿದ ಮೇಲೆ ತಮಗೂ ಅಂಥದೊಂದು ಜಾಕೆಟು ಬೇಕೆಂದು ಯುವಕರಿಗೆ ಅನ್ನಿಸುವುದು ಸಹಜ.

ನನಗೂ ಹಾಗೆಯೇ ಅನ್ನಿಸಿತ್ತು. ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಒಂದು ಜಾಕೆಟು ಕೊಂಡೆ. ಅದರ ತುಂಬ ಬ್ಯಾಡ್ಜುಗಳಿದ್ದವು. ಕುತ್ತಿಗೆಯ ಪಟ್ಟಿಯ ಮೇಲೆ 'ಅಪ್ಪಟ ಚರ್ಮ' ಎಂಬ ಮುದ್ರೆಯೂ ಇತ್ತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಮೊಣಕೈಯ ಹತ್ತಿರ ಮೇಲ್ಪದರ ಸುಲಿದು ಬಂತು, ಭುಜದ ಹೊಲಿಗೆ ಬಿಟ್ಟಿತು. ರಿಪೇರಿಗೆಂದು ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಹಿರಿಯರೊಬ್ಬರ ಬಳಿ ಒಯ್ದೆ. ಅವರು ಹರಿದ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಇದಕ್ಕೆ ಸೂಜಿ ಹಾಕಿದ್ರೆ ನಿಲ್ಲೋದಿಲ್ಲ ತಮ್ಮಾ. ಇದು ತೊಗಲಲ್ಲ, ತೊಗಲಿನ ಹಿಟ್ಟು" ಎಂದರು. ಆ ಮಾತು ಎಷ್ಟು ನಿಜ ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ನಂತರ. ಹಣ ಕೊಟ್ಟು ನಾನು ಕಲಿತ ಪಾಠವನ್ನು ನೀವು ಹಣ ಕಳೆದುಕೊಳ್ಳದೆ ಕಲಿಯಲಿ ಎಂಬುದೇ ಈ ಮಾತುಕತೆಯ ಉದ್ದೇಶ.

ಮೊದಲಿಗೆ, ಈ ಜಾಕೆಟು ಹುಟ್ಟಿದ್ದು ಏಕೆ ಎಂಬುದನ್ನು ನೋಡೋಣ. ಮೊದಲನೆಯ ಮಹಾಯುದ್ಧದ ಕಾಲದ ವಿಮಾನಗಳಲ್ಲಿ ಚಾಲಕನ ತಲೆಯ ಮೇಲೆ ಸೂರು ಇರಲಿಲ್ಲ. ಅವನು ತೆರೆದ ಕಾಕ್‌ಪಿಟ್‌ನಲ್ಲಿ ಎದುರುಗಾಳಿಗೆ ಮುಖವೊಡ್ಡಿ ಕುಳಿತಿರಬೇಕಾಗಿತ್ತು. ಮೇಲೆ ಹೋದಂತೆಲ್ಲ ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುತ್ತದೆ. ಅದರ ಜೊತೆಗೆ ವೇಗದ ಗಾಳಿ. ನೇಯ್ದ ಬಟ್ಟೆಯ ಎಳೆಗಳ ನಡುವೆ ಗಾಳಿ ನುಗ್ಗುತ್ತದೆ. ಚರ್ಮದಲ್ಲಿ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಗಾಳಿಗೆ ದಾರಿಯಿಲ್ಲ. ವೈಮಾನಿಕರು ಚರ್ಮವನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ, ಅಂದಕ್ಕಲ್ಲ.

ಅಮೆರಿಕದ ಸೇನಾ ವೈಮಾನಿಕ ದಳವು 1927ರಲ್ಲಿ 'ಎ-1' ಎಂಬ, ಗುಂಡಿಗಳುಳ್ಳ ಜಾಕೆಟನ್ನು ಬಳಕೆಗೆ ತಂದಿತು. 1931ರಲ್ಲಿ ಅದರ ಸ್ಥಾನಕ್ಕೆ ಬಂದದ್ದೇ ಪ್ರಸಿದ್ಧವಾದ 'ಎ-2'. ಇದರ ಒಂದೊಂದು ಭಾಗಕ್ಕೂ ಕಾರಣವಿದೆ. ಗುಂಡಿಗಳ ಬದಲು ಜಿಪ್ ಬಂತು. ಜಿಪ್ಪಿನ ಹಲ್ಲುಗಳ ಸಂದಿನಿಂದ ಗಾಳಿ ಒಳಬರದಿರಲೆಂದು ಅದರ ಹಿಂದೆ ಚರ್ಮದ ಒಂದು ಪಟ್ಟಿ ಬಂತು. ಕಾಲರಿನ ತುದಿಗಳು ಗಾಳಿಗೆ ಪಟಪಟನೆ ಬಡಿಯದಿರಲೆಂದು ಅವುಗಳ ಅಡಿಯಲ್ಲಿ ಟಿಚ್ ಬಟನ್ ಬಂತು. ತೋಳಿನ ತುದಿಯಲ್ಲಿಯೂ ಸೊಂಟದಲ್ಲಿಯೂ ಗಾಳಿಯನ್ನು ತಡೆಯಲು ಹೆಣೆದ ಉಣ್ಣೆಯ ಪಟ್ಟಿಗಳು ಬಂದವು. ಬೆನ್ನಿನ ಭಾಗ ಒಂದೇ ತುಂಡು ಚರ್ಮದ್ದು. ಅಲ್ಲಿ ನಡುವೆ ಹೊಲಿಗೆಯಿಲ್ಲ. ಮುಂದಿನ ಎರಡು ಜೇಬುಗಳಿಗೆ ಬಾಯಿ ಇರುವುದು ಮೇಲ್ಗಡೆ ಮಾತ್ರ. ಪಕ್ಕದಿಂದ ಕೈ ತೂರಿಸುವ ಜೇಬು ಎ-2ರಲ್ಲಿ ಇರಲಿಲ್ಲ. ಜೇಬಿನಲ್ಲಿ ಕೈಯಿಟ್ಟು ನಿಲ್ಲುವುದು ಸೈನಿಕನಿಗೆ ಒಪ್ಪುವುದಿಲ್ಲ ಎಂಬುದು ಆಗಿನ ಶಿಸ್ತು.

ಎ-2 ಜಾಕೆಟುಗಳಲ್ಲಿ ಬಹುಪಾಲು ಕುದುರೆಯ ತೊಗಲಿನವು. ಇದನ್ನು ಕೇಳಿ ನಿಮಗೆ ಆಶ್ಚರ್ಯವಾಗಬಹುದು. ಆ ಕಾಲದಲ್ಲಿ ಅಮೆರಿಕದ ಹೊಲಗಳಲ್ಲಿಯೂ ಬಂಡಿಗಳಲ್ಲಿಯೂ ದುಡಿಯುತ್ತಿದ್ದ ಕುದುರೆಗಳು ಬಹಳ. ಹಾಗಾಗಿ ಕುದುರೆ ತೊಗಲು ಧಾರಾಳವಾಗಿ ಸಿಗುತ್ತಿತ್ತು. ಟ್ರ್ಯಾಕ್ಟರುಗಳು ಬಂದು ಕುದುರೆಗಳು ಕಡಿಮೆಯಾದಂತೆ ಆ ತೊಗಲೂ ಅಪರೂಪವಾಯಿತು. ಅಮೆರಿಕದ ನೌಕಾಪಡೆ ತನ್ನ ಜಾಕೆಟಿಗೆ ಆಡಿನ ಚರ್ಮವನ್ನು ಆರಿಸಿಕೊಂಡಿತು. ಅದೇ ಮುಂದೆ 'ಜಿ-1' ಎಂದು ಹೆಸರಾಯಿತು. ಇದರ ಕಾಲರಿಗೆ ತುಪ್ಪಳವಿರುತ್ತದೆ. ಬೆನ್ನಿನ ಎರಡೂ ಪಕ್ಕದಲ್ಲಿ ಮಡಿಕೆಗಳಿರುತ್ತವೆ. ಕೈ ಮುಂದೆ ಚಾಚಿದಾಗ ಆ ಮಡಿಕೆಗಳು ಬಿಚ್ಚಿಕೊಂಡು ತೋಳಿಗೆ ಎಡೆಗೊಡುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಎ-2 ಮತ್ತು ಜಿ-1 ಜಾಕೆಟುಗಳು ಕಡು ಚಳಿಗೆ ಸಾಲುವ ಉಡುಪುಗಳಲ್ಲ. ಎರಡನೆಯ ಮಹಾಯುದ್ಧದಲ್ಲಿ ಬಿ-17 ಬಾಂಬರುಗಳು 25,000 ಅಡಿ ಎತ್ತರದಲ್ಲಿ ಹಾರುತ್ತಿದ್ದವು. ಅಲ್ಲಿಯ ಉಷ್ಣತೆ ಸೊನ್ನೆಗಿಂತ ಸುಮಾರು 34 ಡಿಗ್ರಿ ಕೆಳಗೆ. ತೆರೆದ ಕಿಟಕಿಯ ಬಳಿ ನಿಂತು ಕಾವಲು ಕಾಯುತ್ತಿದ್ದ ಬಂದೂಕುಗಾರರ ಬೆರಳುಗಳು ಹಿಮಹುಣ್ಣಿಗೆ ಈಡಾಗುತ್ತಿದ್ದವು. ಅಂಥವರಿಗಾಗಿ ತುಪ್ಪಟವನ್ನು ಉಳಿಸಿಕೊಂಡ ದಪ್ಪ ಕುರಿ ತೊಗಲಿನ 'ಬಿ-3' ಜಾಕೆಟು ಇತ್ತು. ಇಂಗ್ಲೆಂಡಿನಲ್ಲಿ, ಪ್ಯಾರಾಚೂಟ್ ತಯಾರಿಕೆಗೆ ಹೆಸರಾದ ಲೆಸ್ಲಿ ಇರ್ವಿನ್ ಎಂಬ ಅಮೆರಿಕನ್ನರು ರಾಯಲ್ ಏರ್ ಫೋರ್ಸ್‌ಗೆ ಇಂಥದೇ ಕುರಿ ತೊಗಲಿನ ಜಾಕೆಟನ್ನು ರೂಪಿಸಿಕೊಟ್ಟರು. 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಮುಖ್ಯಸ್ಥ ಜನರಲ್ ಆರ್ನಲ್ಡ್ ಅವರು ಎ-2ರ ಹೊಸ ಖರೀದಿಯನ್ನು ನಿಲ್ಲಿಸಿದರು. ಬಟ್ಟೆಯ ಜಾಕೆಟುಗಳು ಬಂದವು. 1988ರಲ್ಲಿ ಅಮೆರಿಕದ ವಾಯುಪಡೆ ಎ-2ನ್ನು ಆಡಿನ ಚರ್ಮದಲ್ಲಿ ಮತ್ತೆ ತಂದಿತು.

ಆದುದರಿಂದ ಕೊಳ್ಳುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, 'ಇದನ್ನು ನಾನು ಎಲ್ಲಿ ತೊಡುತ್ತೇನೆ?' ಎಂಬುದು. ಬೆಂಗಳೂರಿನ ಡಿಸೆಂಬರ್ ಬೆಳಗಿಗೆ ಎ-2 ಮಾದರಿಯದು ಧಾರಾಳವಾಗಿ ಸಾಕು. ಕುರಿ ತುಪ್ಪಟದ ಜಾಕೆಟು ತೊಟ್ಟರೆ ಬೆವರಿ ಒದ್ದೆಯಾಗುತ್ತೀರಿ.

ಎರಡನೆಯದು ಚರ್ಮದ ಪರೀಕ್ಷೆ. ಹಸಿ ತೊಗಲು ಕೊಳೆಯದಂತೆ ಮಾಡುವುದಕ್ಕೆ ಹದ ಮಾಡುವುದು ಎನ್ನುತ್ತೇವೆ. ಮರದ ತೊಗಟೆಯಲ್ಲಿರುವ ಒಗರಿನಿಂದ ಹದ ಮಾಡುವುದು ಹಳೆಯ ಕ್ರಮ. ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯನ್ನು ಇದಕ್ಕೆ ಬಳಸುತ್ತಿದ್ದರು. ಕ್ರೋಮಿಯಂ ಲವಣಗಳಿಂದ ಹದ ಮಾಡುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಕ್ರಮ. ಮೊದಲನೆಯದಕ್ಕೆ ವಾರಗಳು ಬೇಕಾದರೆ ಎರಡನೆಯದು ಒಂದೆರಡು ದಿನಗಳಲ್ಲಿ ಮುಗಿಯಬಹುದು. ಎರಡರಲ್ಲಿಯೂ ಒಳ್ಳೆಯ ಚರ್ಮವಿದೆ, ಕೆಟ್ಟದ್ದೂ ಇದೆ.

ತೊಗಲಿನ ಹೊರಮೈಯಲ್ಲಿ ನಾರುಗಳು ಒತ್ತಾಗಿರುತ್ತವೆ. ಒಳಕ್ಕೆ ಹೋದಂತೆ ಸಡಿಲವಾಗುತ್ತವೆ. ಹೊರಮೈಯನ್ನು ಉಜ್ಜಿ ಕೆಡಿಸದೆ ಉಳಿಸಿಕೊಂಡ ಚರ್ಮವೇ ಎಲ್ಲಕ್ಕಿಂತ ಗಟ್ಟಿ. ಅದನ್ನು 'ಫುಲ್ ಗ್ರೇನ್' ಎನ್ನುತ್ತಾರೆ. ಹೊರಮೈಯನ್ನು ಸೀಳಿ ತೆಗೆದ ಮೇಲೆ ಉಳಿಯುವ ಕೆಳಪದರಕ್ಕೆ ಬಣ್ಣದ ಲೇಪ ಕೊಟ್ಟು ಮಾರುವುದೂ ಉಂಟು. ಅದು ಚರ್ಮವೇ ಹೌದು, ಆದರೆ ಬಲ ಕಡಿಮೆ. ಇನ್ನೊಂದು, ಚರ್ಮದ ಚೂರುಗಳನ್ನು ಪುಡಿಮಾಡಿ, ಅಂಟು ಬೆರೆಸಿ, ಹಾಳೆಯಂತೆ ಒತ್ತಿ, ಮೇಲೆ ಪ್ಲಾಸ್ಟಿಕ್ಕಿನ ಪದರ ಹಚ್ಚಿದ್ದು. ಇದಕ್ಕೆ 'ಬಾಂಡೆಡ್ ಲೆದರ್' ಎಂದು ಹೆಸರು. ಆ ಹಿರಿಯರು 'ತೊಗಲಿನ ಹಿಟ್ಟು' ಎಂದದ್ದು ಇದನ್ನೇ.

ಇವನ್ನು ಗುರುತಿಸುವುದು ಹೇಗೆ? ಜಾಕೆಟಿನ ಎದೆಯನ್ನು ನೋಡಬೇಡಿ, ಅಂಚನ್ನು ನೋಡಿ. ಜೇಬಿನ ಒಳಬದಿ, ಕಾಲರಿನ ಅಡಿ, ಜಿಪ್ಪಿನ ಕೊನೆ, ಇಲ್ಲೆಲ್ಲಾದರೂ ಕತ್ತರಿಸಿದ ಅಂಚು ಕಂಡೇ ಕಾಣುತ್ತದೆ. ಅಲ್ಲಿ ನಾರು ಕಂಡರೆ ಚರ್ಮ. ಒತ್ತಿದ ರಟ್ಟಿನಂತೆ ಒಂದೇ ಸಮನಾಗಿದ್ದರೆ ಪುಡಿಯ ಹಾಳೆ. ನೇಯ್ಗೆಯ ಎಳೆ ಕಂಡರೆ ಬಟ್ಟೆಯ ಮೇಲೆ ಹಚ್ಚಿದ ಪ್ಲಾಸ್ಟಿಕ್. ನಂತರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ನಿಜವಾದ ಚರ್ಮದಲ್ಲಿ ಬೆರಳಿನ ಸುತ್ತ ಸಣ್ಣ ಸುಕ್ಕುಗಳು ಹರಡುತ್ತವೆ. ಮೇಲ್ಮೈಯ ರಂಧ್ರಗಳು ಎಲ್ಲ ಕಡೆಯೂ ಅಚ್ಚು ಹಾಕಿದಂತೆ ಒಂದೇ ಬಗೆಯಾಗಿದ್ದರೆ ಅನುಮಾನಿಸಿ. ವಾಸನೆಯೊಂದನ್ನೇ ನಂಬಬೇಡಿ, ಚರ್ಮದ ವಾಸನೆಯನ್ನು ಸಿಂಪಡಿಸಲೂಬಹುದು. 'ಅಪ್ಪಟ ಚರ್ಮ' ಎಂಬ ಮುದ್ರೆಯೂ ಗುಣಮಟ್ಟದ ಸಾಕ್ಷಿಯಲ್ಲ. ಕೆಳಪದರದ ಚರ್ಮಕ್ಕೂ ಆ ಮುದ್ರೆ ಹಾಕಬಹುದು.

ಮೂರನೆಯದು ಹೊಲಿಗೆ. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ದರ್ಜಿ ಬಿಚ್ಚಿ ಮತ್ತೆ ಹೊಲಿಯಬಹುದು. ಸೂಜಿಯ ಗುರುತು ಮುಚ್ಚಿಹೋಗುತ್ತದೆ. ಚರ್ಮದಲ್ಲಿ ಸೂಜಿ ಮಾಡಿದ ರಂಧ್ರ ರಂಧ್ರವಾಗಿಯೇ ಉಳಿಯುತ್ತದೆ. ಆದ್ದರಿಂದ ಹೊಲಿಗೆಯ ಪಕ್ಕದಲ್ಲಿ ಖಾಲಿ ರಂಧ್ರಗಳು ಕಂಡರೆ ಅಲ್ಲಿ ಕೈ ತಪ್ಪಿದೆ ಎಂದು ತಿಳಿಯಿರಿ. ಹೊಲಿಗೆ ಒತ್ತಾದಷ್ಟೂ ಗಟ್ಟಿ ಎಂದು ಭಾವಿಸಬೇಡಿ. ಅಂಚೆ ಚೀಟಿಗಳ ಹಾಳೆಯನ್ನು ನೆನಪಿಸಿಕೊಳ್ಳಿ. ಸಾಲಾಗಿ ರಂಧ್ರಗಳಿರುವುದರಿಂದಲೇ ಅದು ಸುಲಭವಾಗಿ ಹರಿಯುತ್ತದೆ. ಚರ್ಮದಲ್ಲಿಯೂ ಹಾಗೆಯೇ. ಅಂಗುಲಕ್ಕೆ 8ರಿಂದ 10 ಹೊಲಿಗೆ, ನೇರವಾಗಿ, ಒಂದೇ ಅಂತರದಲ್ಲಿದ್ದರೆ ಅದು ಒಳ್ಳೆಯ ಕೆಲಸ. ಜೇಬಿನ ಮೂಲೆಗಳಂತಹ ಎಳೆತ ಬೀಳುವ ಕಡೆ ಹೊಲಿಗೆಯನ್ನು ಹಿಂದೆ ಮುಂದೆ ಓಡಿಸಿ ಭದ್ರಪಡಿಸಿದ್ದಾರೆಯೇ ನೋಡಿ.

ಬೆನ್ನನ್ನೂ ನೋಡಿ. ಎ-2 ಮಾದರಿ ಎಂದು ಹೇಳಿ, ಬೆನ್ನಿಗೆ ಮೂರು ನಾಲ್ಕು ತುಂಡು ಸೇರಿಸಿದ್ದರೆ ಅದು ಉಳಿತಾಯದ ಕೆಲಸ. ದೊಡ್ಡ ತುಂಡಿಗೆ ಗಾಯ, ಕಲೆ ಇಲ್ಲದ ತೊಗಲು ಬೇಕು. ಸಣ್ಣ ತುಂಡುಗಳಿಗೆ ಚೂರುಪಾರು ಸಾಕು. ಜಿಪ್ ಲೋಹದ್ದಾಗಿರಲಿ. ಅದನ್ನು ಐದಾರು ಬಾರಿ ಹಾಕಿ ತೆಗೆದು ನೋಡಿ. ತೋಳಿನ ಉಣ್ಣೆಪಟ್ಟಿಯನ್ನು ಎಳೆದು ಬಿಟ್ಟರೆ ಅದು ಮೊದಲಿನಂತಾಗಬೇಕು. ಎಷ್ಟೇ ಒಳ್ಳೆಯ ಜಾಕೆಟಾದರೂ ಮೊದಲು ಸವೆಯುವುದು ಉಣ್ಣೆಪಟ್ಟಿ, ಲೈನಿಂಗ್ ಮತ್ತು ಜಿಪ್. ಚರ್ಮ ಗಟ್ಟಿಯಾಗಿದ್ದರೆ ಇವನ್ನು ಬದಲಾಯಿಸಿಕೊಂಡು ದಶಕಗಳ ಕಾಲ ತೊಡಬಹುದು. ಚರ್ಮವೇ ಹುಸಿಯಾದರೆ ಬದಲಾಯಿಸಲು ಏನೂ ಉಳಿಯುವುದಿಲ್ಲ.

ನಾಲ್ಕನೆಯದು ಅಳತೆ. ಈ ಜಾಕೆಟು ಕುಳಿತು ಕೆಲಸ ಮಾಡುವವನಿಗಾಗಿ ಹುಟ್ಟಿದ್ದು. ಅದಕ್ಕೇ ಅದು ಸೊಂಟದಲ್ಲಿ ನಿಲ್ಲುತ್ತದೆ. ಅಂಗಡಿಯಲ್ಲಿ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಸಾಲದು. ಜಿಪ್ ಹಾಕಿ, ಕುರ್ಚಿಯಲ್ಲಿ ಕುಳಿತು, ಸೈಕಲ್ ಹಿಡಿಯುವಂತೆ ಎರಡೂ ಕೈ ಮುಂದೆ ಚಾಚಿ. ಮಣಿಕಟ್ಟು ಬರಿದಾಗಬಾರದು, ಬೆನ್ನು ಬಿಗಿಯಬಾರದು, ಕಂಕುಳು ಕಚ್ಚಬಾರದು. ಅಂಚೆಯ ಮೂಲಕ ಅಥವಾ ಇಂಟರ್‌ನೆಟ್ಟಿನ ಮೂಲಕ ತರಿಸುವುದಾದರೆ, ನಿಮಗೆ ಸರಿಹೊಂದುವ ಹಳೆಯ ಜಾಕೆಟೊಂದನ್ನು ಮೇಜಿನ ಮೇಲೆ ಹರಡಿ, ಎದೆ, ಭುಜ, ತೋಳು, ಬೆನ್ನು ಈ ನಾಲ್ಕನ್ನೂ ಟೇಪಿನಿಂದ ಅಳೆದು ಹೋಲಿಸಿ. ಬರೀ '40' ಎಂಬ ಸಂಖ್ಯೆಯನ್ನು ನೆಚ್ಚಬೇಡಿ. ಯುದ್ಧಕಾಲದಲ್ಲಿ ಒಂದೇ ಸರ್ಕಾರಿ ನಕ್ಷೆಯನ್ನು ಹಿಡಿದು ಹೊಲಿದ ಕಂಪೆನಿಗಳ ಜಾಕೆಟುಗಳಲ್ಲಿಯೇ ಕತ್ತರಿಯ ವ್ಯತ್ಯಾಸ ಕಾಣುತ್ತದೆ.

ಇನ್ನು ಬ್ಯಾಡ್ಜುಗಳ ಮಾತು. ಎರಡನೆಯ ಮಹಾಯುದ್ಧಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತವನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ವಹಿಸಿಕೊಂಡಿತು; ಭಾರತ, ಬರ್ಮಾ, ಚೀನಾಗಳ ರಣರಂಗದ ವಿಮಾನಗಳು ಇಲ್ಲಿ ದುರಸ್ತಿಗೆ ಬರುತ್ತಿದ್ದವು. ಚೀನಾದ ಪರವಾಗಿ ಹಾರಿದ 'ಫ್ಲೈಯಿಂಗ್ ಟೈಗರ್ಸ್' ಪಡೆಯ ಅಮೆರಿಕನ್ ವೈಮಾನಿಕರು ಜಾಕೆಟಿನ ಮೇಲೆ ಒಂದು ಬಟ್ಟೆಯ ತುಂಡನ್ನು ಹೊಲಿಸಿಕೊಳ್ಳುತ್ತಿದ್ದರು. ಈ ಪರದೇಶಿ ನಮ್ಮ ನೆರವಿಗೆ ಬಂದವನು, ಇವನನ್ನು ಕಾಪಾಡಿ ಎಂಬ ಅರ್ಥದ ಮಾತು ಚೀನೀ ಲಿಪಿಯಲ್ಲಿ ಅದರ ಮೇಲಿರುತ್ತಿತ್ತು. ವಿಮಾನ ಉರುಳಿ, ಭಾಷೆ ಬಾರದ ಊರಿನಲ್ಲಿ ಬಿದ್ದವನ ಪ್ರಾಣ ಆ ಬಟ್ಟೆಯ ತುಂಡನ್ನು ನಂಬಿಕೊಂಡಿರುತ್ತಿತ್ತು. ಇಂದು ಅದೇ ತುಂಡು ಅಲಂಕಾರಕ್ಕೆಂದು ಮಾರಾಟವಾಗುತ್ತದೆ.

ಬ್ಯಾಡ್ಜು ಹೆಚ್ಚಿದ್ದಷ್ಟೂ ಜಾಕೆಟು ಒಳ್ಳೆಯದು ಎಂದು ನಾನು ನಂಬಿದ್ದೆ. ಈಗ ಬ್ಯಾಡ್ಜಿಲ್ಲದ ಜಾಕೆಟನ್ನೇ ಕೊಳ್ಳಿ ಎಂದು ಹೇಳುತ್ತೇನೆ. ಚರ್ಮದ ದೋಷ ಅವುಗಳ ಅಡಿ ಅಡಗಿರಬಹುದು ಎಂಬುದು ಒಂದು ಕಾರಣ. ಇನ್ನೊಬ್ಬರು ಪ್ರಾಣವನ್ನು ಒತ್ತೆಯಿಟ್ಟು ಗಳಿಸಿದ ಗುರುತನ್ನು ನಾವು ಹಣ ಕೊಟ್ಟು ತೊಡುವುದು ಸಲ್ಲದು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಸೈನಿಕನೆಂದು ಜನರನ್ನು ನಂಬಿಸುವ ಉದ್ದೇಶದಿಂದ ಸೈನಿಕರ ಉಡುಪು ಅಥವಾ ಚಿಹ್ನೆ ಧರಿಸುವುದು ನಮ್ಮ ದೇಶದಲ್ಲಿ ಕಾನೂನಿನ ಪ್ರಕಾರ ಅಪರಾಧವೂ ಹೌದು.

ಕೊಂಡ ಮೇಲೆ ಕಾಪಾಡುವುದೂ ಮುಖ್ಯ. ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುವುದನ್ನು ಮಲೆನಾಡು, ಕರಾವಳಿಯವರು ಚೆನ್ನಾಗಿ ಬಲ್ಲರು. ಜಾಕೆಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಅಗಲವಾದ ಹ್ಯಾಂಗರಿಗೆ ಹಾಕಿ, ಗಾಳಿಯಾಡುವ ಕಡೆ ತೂಗುಹಾಕಿ. ನೆನೆದರೆ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೂ ಒಲೆಯ ಬಳಿಗೂ ಒಯ್ದರೆ ಚರ್ಮ ಬಿರುಸಾಗಿ ಬಿರುಕು ಬಿಡುತ್ತದೆ.

ಚರ್ಮ ಬೇಡವೆನ್ನುವವರೂ ನಿಮ್ಮಲ್ಲಿರಬಹುದು. ಅವರು 1950ರ ದಶಕದಲ್ಲಿ ಬಳಕೆಗೆ ಬಂದ 'ಎಂಎ-1' ಎಂಬ ನೈಲಾನ್ ಜಾಕೆಟಿನ ಮಾದರಿಯನ್ನು ಆರಿಸಿಕೊಳ್ಳಬಹುದು. ಅದೂ ವೈಮಾನಿಕರದೇ. ಚರ್ಮವೇ ಬೇಕು, ಆದರೆ ಒಳ್ಳೆಯದಕ್ಕೆ ಈಗ ಹಣ ಸಾಲದು ಎನ್ನುವವರು ಸ್ವಲ್ಪ ಕಾಯಿರಿ. ಹುಸಿಯಾದುದನ್ನು ಇಂದೇ ಕೊಳ್ಳುವುದಕ್ಕಿಂತ ಅದು ಲೇಸು. ಚರ್ಮದ ಉಡುಪಿನ ಹಿಂದೆ ಒಂದು ಪ್ರಾಣಿಯ ಜೀವವಿದೆ, ಹದ ಮಾಡಿದವರ ಮತ್ತು ಹೊಲಿದವರ ಶ್ರಮವಿದೆ. ಅದು ಒಂದು ಮಳೆಗಾಲಕ್ಕೆ ಕಸವಾಗಬಾರದು.

ಮುಂದೆ ನೀವು ಅಂಗಡಿಗೆ ಹೋದಾಗ ಮೊದಲು ಬೆಲೆ ಕೇಳಬೇಡಿ, ಬ್ಯಾಡ್ಜು ಎಣಿಸಬೇಡಿ. ಜೇಬನ್ನು ಒಳಗಿನಿಂದ ಹೊರಳಿಸಿ, ಕತ್ತರಿಸಿದ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ. ರಸ್ತೆ ಬದಿಯ ಆ ಹಿರಿಯರು ನನಗೆ ಕಲಿಸಿದ್ದು ಅಷ್ಟೇ. ಅಂದಿನಿಂದ ನಾನು ಮೋಸಹೋಗಿಲ್ಲ.