ಕ್ರಿಸ್‌ಮಸ್ ರಜೆಯಲ್ಲಿ ನೋಡತಕ್ಕವು ಮೂರು

ಡಿಸೆಂಬರ್ 25ರಂದು ಬ್ರಿಟನ್ನಿನಲ್ಲಿ ರೈಲುಗಳು ಬಹುಮಟ್ಟಿಗೆ ಓಡುವುದಿಲ್ಲ. ದೊಡ್ಡ ಅಂಗಡಿಗಳು ತೆರೆಯುವುದಿಲ್ಲ. ಲಂಡನ್ನಿನಲ್ಲಿ ಸಂಜೆ ನಾಲ್ಕರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಆದುದರಿಂದ ಮನೆಮಂದಿಯೆಲ್ಲ ಟೆಲಿವಿಷನ್ನಿನ ಮುಂದೆ ಸೇರುತ್ತಾರೆ. ಆ ದಿನಗಳಲ್ಲಿ ನೀವು ಅಲ್ಲಿನ ಮಗನ ಮನೆಗೋ ಮಗಳ ಮನೆಗೋ ಹೋಗಿದ್ದರೆ, ಸಿಕ್ಕಿದ್ದನ್ನೆಲ್ಲ ನೋಡುತ್ತ ಕೂರಬೇಡಿ. ಮೂರನ್ನು ಆರಿಸಿಕೊಳ್ಳಿ.

ಮೊದಲನೆಯದು, 24ರಂದು ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಿಂದ ಬರುವ ಗಾಯನ. ಬಾಲಕರೂ ವಿದ್ಯಾರ್ಥಿಗಳೂ ಕೂಡಿ ಹಾಡುವ ಇದು ಮೊದಲು ತೆರೆಗೆ ಬಂದದ್ದು 1954ರಲ್ಲಿ.

ಎರಡನೆಯದು, 25ರ ಮಧ್ಯಾಹ್ನ ಮೂರು ಗಂಟೆಗೆ ದೊರೆಯ ಸಂದೇಶ. 1932ರಲ್ಲಿ ಐದನೆಯ ಜಾರ್ಜ್ ರೇಡಿಯೋದಲ್ಲಿ ಆರಂಭಿಸಿದ ಪದ್ಧತಿ. 1957ರಿಂದ ಟೆಲಿವಿಷನ್ನಿನಲ್ಲಿಯೂ ಉಂಟು.

ಮೂರನೆಯದು, 1982ರಲ್ಲಿ ಮೊದಲು ಬಂದ ‘ದಿ ಸ್ನೋಮ್ಯಾನ್’ ಎಂಬ 26 ನಿಮಿಷಗಳ ಚಿತ್ರ. ಹುಡುಗನೊಬ್ಬ ಮಾಡಿದ ಹಿಮದ ಮನುಷ್ಯನಿಗೆ ಜೀವ ಬರುವ ಕಥೆ. ಒಂದು ಹಾಡನ್ನು ಬಿಟ್ಟರೆ ಕಥೆಯಲ್ಲಿ ಮಾತೇ ಇಲ್ಲ. ಇಂಗ್ಲಿಷ್ ಬಾರದ ಅಜ್ಜಿಯೂ ಕನ್ನಡ ಬಾರದ ಮೊಮ್ಮಗುವೂ ಯಾರ ಸಹಾಯವೂ ಇಲ್ಲದೆ ಒಟ್ಟಿಗೆ ನೋಡಬಹುದು.

ಕೊನೆಯಲ್ಲಿ ಹಿಮದ ಗೆಳೆಯ ಕರಗಿಹೋಗುತ್ತಾನೆ. ಮಗು ಅತ್ತರೆ ಗದರಬೇಡಿ. ಟೆಲಿವಿಷನ್ ಆರಿಸಿ, ಮಡಿಲಿಗೆ ಎಳೆದುಕೊಳ್ಳಿ. ಮುಂದಿನ ಕಾರ್ಯಕ್ರಮ ತಪ್ಪಿದರೆ ತಪ್ಪಲಿ.