ಕ್ಯಾಮೆರಾ ಆನ್ ಮಾಡೋ ಮೊದಲು ಯಾರನ್ನ ಕೇಳ್ಬೇಕು?

ಸಹಾಯ ಕೇಳೋ ವಿಡಿಯೊಗಳು ನಮ್ಮೆಲ್ಲರ ವಾಟ್ಸ್‌ಆ್ಯಪ್‌ಗೂ ಬರ್ತವೆ. ಅಂಥದ್ದೇ ನಾಲ್ಕು ನಿಮಿಷದ ಒಂದು ಫಿಲ್ಮನ್ನ ನಾವು ಮೂವರು ಸ್ನೇಹಿತರು ಮಾಡಿದ್ವಿ, ಬೆಂಗಳೂರಿಗೆ ಚಿಕಿತ್ಸೆಗೆ ಬರೋ ಕುಟುಂಬಗಳಿಗೆ ರೂಮು, ಊಟ ಕೊಡೋ ಒಂದು ಟ್ರಸ್ಟ್‌ಗೋಸ್ಕರ. ಫಿಲ್ಮಲ್ಲಿ ಇರೋದು ಹಾಸನ ಕಡೆಯ ಒಂದು ಕುಟುಂಬ: ಅಣ್ಣ, ಅಕ್ಕ, ಎಂಟು ವರ್ಷದ ಮಗಳು. ಹೆಸರು ಹೇಳಲ್ಲ.

ಅಣ್ಣನಿಗೆ ಗ್ಲಯೊಬ್ಲಾಸ್ಟೊಮಾ. ಮಿದುಳಲ್ಲೇ ಹುಟ್ಟಿ ತುಂಬಾ ವೇಗವಾಗಿ ಬೆಳೆಯೋ ಕ್ಯಾನ್ಸರ್. ಆಪರೇಷನ್, ಆಮೇಲೆ ಸುಮಾರು ಆರು ವಾರ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ. ಈ ಚಿಕಿತ್ಸೆಗೆ ದಾರಿ ಮಾಡಿದ 2005ರ ಅಧ್ಯಯನದಲ್ಲೂ, ಇದನ್ನು ಪಡೆದವರಲ್ಲಿ ಅರ್ಧದಷ್ಟು ಜನ 15 ತಿಂಗಳ ಆಸುಪಾಸಿನೊಳಗೆ ತೀರಿಹೋಗಿದ್ದರು.

ಗಡ್ಡೆ ಮಿದುಳಿನ ಮುಂಭಾಗದಲ್ಲಿದ್ರೆ ಸ್ವಭಾವವೇ ಬದಲಾಗಬಹುದು. ಶಾಂತವಾಗಿದ್ದ ಅಣ್ಣ ಒಂದಿನ ಮಗಳ ಮೇಲೆ ರೇಗಿದ್ರು. ಕ್ಯಾಮೆರಾ ಓಡ್ತಿತ್ತು. "ಇದನ್ನ ಹಾಕಿದ್ರೆ ಜಾಸ್ತಿ ದುಡ್ಡು ಬರುತ್ತೆ" ಅಂದ ನಮ್ಮಲ್ಲೊಬ್ಬ. ಅವನ ಮಾತು ಸುಳ್ಳಲ್ಲ. ಆದ್ರೆ ಅಕ್ಕ ಹೇಳಿದ್ದು, "ಬೈತಿರೋದು ಕಾಯಿಲೆ ಕಣಪ್ಪ, ಅವರಲ್ಲ. ಮಗಳು ದೊಡ್ಡೋಳಾದ್ಮೇಲೂ ಇದು ಫೋನಲ್ಲಿ ಇರುತ್ತಲ್ಲ?" ಆ ಸೀನ್ ಕೈಬಿಟ್ವಿ.

ಈ ಕಾಯಿಲೆಯಲ್ಲಿ ಒಂದ್ಸಲ ಸಹಿ ಹಾಕಿಸ್ಕೊಂಡ್ರೆ ಒಪ್ಪಿಗೆ ಸಿಕ್ತು ಅನ್ನೋ ಹಾಗಿಲ್ಲ. ಇವತ್ತು "ಹೂಂ" ಅಂದವರಿಗೆ ಎರಡು ತಿಂಗಳಾದ ಮೇಲೆ ಪ್ರಶ್ನೆಯೇ ಅರ್ಥವಾಗದೇ ಇರಬಹುದು. ಅದಕ್ಕೇ ಮಾತು ಸ್ಪಷ್ಟವಾಗಿದ್ದ ದಿನವೇ ಅಣ್ಣನ ಬಾಯಿಂದಲೇ ಕೇಳಿ ರೆಕಾರ್ಡ್ ಮಾಡ್ಕೊಂಡಿದ್ವಿ. "ತಲೆ ಹೊಲಿಗೆ ತೋರ್ಸಿ, ಪರವಾಗಿಲ್ಲ. ನನಗೆ ಊಟ ಮಾಡ್ಸೋದು ಮಾತ್ರ ಬೇಡ" ಅಂದಿದ್ರು. ಪ್ರತಿ ಶೂಟಿಂಗ್‌ಗೂ ಮತ್ತೆ ಕೇಳಿದ್ವಿ. ಅಕ್ಕ ನೋಡಿ ಒಪ್ಪಿದ ಮೇಲೇ ಅಪ್‌ಲೋಡ್. ಅವರು ಬೇಡ ಅಂದ ದಿನ ಡಿಲೀಟ್. ಇದನ್ನೂ ಬರೆದು ಕೊಟ್ಟಿದ್ದೀವಿ.

ಹಾಗಾದ್ರೆ ಫಿಲ್ಮಲ್ಲಿ ಏನಿದೆ? ಗೋಡೆ ಕ್ಯಾಲೆಂಡರ್, 28 ದಿನಗಳಲ್ಲಿ ಮಾತ್ರೆ ನುಂಗೋ ಐದು ದಿನಕ್ಕೆ ಅಕ್ಕ ಹಾಕಿದ ಸುತ್ತು. ಮಗಳ ಹಳೇ ನೋಟ್‌ಬುಕ್‌ನಲ್ಲಿ ಖರ್ಚಿನ ಲೆಕ್ಕ: ಬಸ್ಸು, ಆಟೊ, ಇಡ್ಲಿ, ರೂಮು. ಬಿಕಾಂ ಓದಿದ ನನಗೆ ಅಷ್ಟು ಕಷ್ಟದ ಲೆಕ್ಕ ಯಾವ ಪುಸ್ತಕದಲ್ಲೂ ಸಿಕ್ಕಿರ್ಲಿಲ್ಲ.

ಇಂಥ ವಿಡಿಯೊ ನಿಮಗೆ ಬಂದಾಗ ಎರಡು ವಿಷಯ ನೋಡಿ. ಒಂದು, ಅಕೌಂಟ್ ಯಾರ ಹೆಸರಲ್ಲಿದೆ? ತೆರಿಗೆ ವಿನಾಯಿತಿಯ ನೋಂದಣಿ ಇರೋ ಟ್ರಸ್ಟ್‌ಗೆ ಕೊಟ್ರೆ, ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ ವಿನಾಯಿತಿ ಸಿಗುತ್ತೆ. ಕುಟುಂಬಕ್ಕೆ ನೇರವಾಗಿ ಕೊಟ್ಟಿದ್ದಕ್ಕೆ ಸಿಗಲ್ಲ. ಹಾಗಂತ ಕೊಡ್ಬೇಡಿ ಅಂತಲ್ಲ. ಎರಡು, ಮಂಚದ ಮೇಲಿರೋ ಮನುಷ್ಯ ಇದಕ್ಕೆ ಹೂಂ ಅಂದಿದ್ದಾರಾ? ಗೊತ್ತಾಗ್ಲಿಲ್ವಾ? ದುಡ್ಡು ಕಳಿಸಿ, ವಿಡಿಯೊ ಮಾತ್ರ ಫಾರ್ವರ್ಡ್ ಮಾಡ್ಬೇಡಿ.

ಮುಂದಿನ ವಾರ ಸಿಗೋಣ.