ಕಿಟಕಿಯ ಆಚೆ ನಿಂತ ಸಣ್ಣ ಕಸಬುದಾರರು
(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಮ್ಮಂಥ ಬ್ಯಾಂಕಿನ ಗುಮಾಸ್ತರನ್ನು ಮಾತನಾಡಲು ಕರೆದಾಗ ಕಾರ್ಯದರ್ಶಿಗಳು ಠೇವಣಿಯ ಬಡ್ಡಿಯನ್ನೋ ಉಳಿತಾಯದ ಮಹಿಮೆಯನ್ನೋ ಎದುರುನೋಡಿದ್ದರೇನೋ ಕಾಣೆವು. ನಾವು ಆರಿಸಿಕೊಂಡದ್ದು ಬೇರೆ ವಿಷಯ. ನಮ್ಮ ನಮ್ಮ ಮನೆಯ ಮಕ್ಕಳು ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ, ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ದುಡಿಯುತ್ತಿದ್ದಾರೆ. ಭಾನುವಾರ ಊಟಕ್ಕೆ ಕುಳಿತಾಗ ಅವರ ಬಾಯಲ್ಲಿ ‘ಎಪಿಐ ನಿಲ್ಲಿಸಿಬಿಟ್ಟರು’, ‘ಎಪಿಐಗೆ ಹಣ ಕೇಳುತ್ತಾರೆ’ ಎಂಬ ಮಾತು ಕೇಳಿಬರುತ್ತದೆ. ಹಿರಿಯರು ಇದೇನೋ ಆಫೀಸಿನ ತಾಪತ್ರಯವೆಂದು ಸಾರಿಗೆ ಅನ್ನ ಕಲಸಿಕೊಳ್ಳುತ್ತಾರೆ. ಆದರೆ ಈ ತಾಪತ್ರಯ ನಮ್ಮ ಊಟದ ಎಲೆಯ ತನಕ ಬರತಕ್ಕದ್ದೇ ಆಗಿದೆ ಎಂಬುದನ್ನು ತಮ್ಮ ಮುಂದಿಡಬೇಕೆಂದು ನಮ್ಮ ಆಶೆ.

ಎಪಿಐ ಎಂದರೇನು? ಬ್ಯಾಂಕಿನ ಕೌಂಟರನ್ನು ನೆನೆದುಕೊಳ್ಳಿ. ಗಿರಾಕಿ ಒಳಗೆ ಬಂದು ಲೆಡ್ಜರನ್ನು ತಾನೇ ತೆರೆಯುವ ಹಾಗಿಲ್ಲ, ತಿಜೋರಿಯನ್ನು ಮುಟ್ಟುವ ಹಾಗಿಲ್ಲ. ಕಿಟಕಿಯ ಮುಂದೆ ನಿಂತು, ಗೊತ್ತಾದ ನಮೂನೆಯ ಚೀಟಿಯನ್ನು ತುಂಬಿ ಕೊಟ್ಟರೆ, ಒಳಗಿನವರು ಲೆಕ್ಕ ನೋಡಿ ಉತ್ತರ ಕೊಡುತ್ತಾರೆ. ಗಣಕಯಂತ್ರಗಳ ಲೋಕದಲ್ಲಿಯೂ ಹೀಗೆಯೇ. ಒಂದು ದೊಡ್ಡ ಸಂಸ್ಥೆಯ ಬಳಿ ಮಾಹಿತಿಯ ಭಂಡಾರವಿರುತ್ತದೆ. ಹೊರಗಿನವನೊಬ್ಬನ ಪ್ರೋಗ್ರಾಮು ಆ ಭಂಡಾರದ ಕಿಟಕಿಗೆ ಹೋಗಿ, ಗೊತ್ತಾದ ನಮೂನೆಯಲ್ಲಿ ಪ್ರಶ್ನೆ ಕೇಳಿ, ಉತ್ತರ ತಂದು, ನಮ್ಮ ನಿಮ್ಮ ಫೋನಿನಲ್ಲಿ ಚೆಂದಾಗಿ ತೋರಿಸುತ್ತದೆ. ಆ ಕಿಟಕಿಯ ಹೆಸರೇ ಎಪಿಐ. ಕಿಟಕಿ ಎಷ್ಟು ಗಂಟೆಗೆ ತೆರೆಯಬೇಕು, ಒಬ್ಬನಿಗೆ ಎಷ್ಟು ಚೀಟಿ, ಚೀಟಿಗೆಷ್ಟು ದುಡ್ಡು ಎಂಬುದೆಲ್ಲ ಭಂಡಾರದ ಒಡೆಯನ ಮರ್ಜಿ. ಹೊರಗೆ ನಿಂತವನು ಒಬ್ಬಂಟಿಗ ಕಸಬುದಾರನಾದರೆ ಈ ಮರ್ಜಿಯೇ ಅವನ ಹಣೆಬರಹ.

2021ನೆಯ ಇಸವಿಯ ಮೇ ತಿಂಗಳನ್ನು ಯಾರೂ ಮರೆತಿರಲಾರಿರಿ. ಕೊರೋನಾದ ಎರಡನೆಯ ಅಲೆ. ಲಸಿಕೆ ಬೇಕಾದವರು ಕೋವಿನ್ ಎಂಬ ಸರಕಾರದ ತಾಣದಲ್ಲಿ ಸರದಿ ಹಿಡಿಯಬೇಕಾಗಿತ್ತು. ಹದಿನೆಂಟು ದಾಟಿದವರಿಗೆ ಏಪ್ರಿಲ್ 28ರಿಂದ ಹೆಸರು ನೋಂದಾಯಿಸಲು ಅವಕಾಶವಾಯಿತು. ಲಸಿಕೆ ಕಡಿಮೆ, ಕೇಳುವವರು ಕೋಟಿಗಟ್ಟಲೆ. ಖಾಲಿ ಸ್ಥಳಗಳು ತೆರೆದ ಕೆಲವೇ ಕ್ಷಣಗಳಲ್ಲಿ ತುಂಬಿಹೋಗುತ್ತಿದ್ದವು. ಸಾಲದುದಕ್ಕೆ ಆ ತಾಣ ಆಗ ಇಂಗ್ಲಿಷಿನಲ್ಲಿ ಮಾತ್ರ ಇತ್ತು; ಕನ್ನಡ, ಮಲೆಯಾಳ ಮೊದಲಾದ ಭಾಷೆಗಳು ಅದರಲ್ಲಿ ಕಾಣಿಸಿಕೊಂಡದ್ದು ಜೂನ್ ತಿಂಗಳಲ್ಲಿ. ಮಲೆಯಾಳವನ್ನೇ ತಡವರಿಸಿ ಓದುವ, ಇಂಗ್ಲಿಷು ಅಷ್ಟಾಗಿ ಬಾರದ ನಮ್ಮ ಮನೆಯ ಮುದುಕರ ಪಾಡೇನು? ಹಗಲೂ ರಾತ್ರಿ ಮೊಬೈಲಿನ ಮುಂದೆ ಮಗನೋ ಸೊಸೆಯೋ ಕಾವಲು ಕೂರಬೇಕಾಯಿತು.

ಆ ಹೊತ್ತಿನಲ್ಲಿ ಕೈಹಿಡಿದವರು ಸಣ್ಣ ಕಸಬುದಾರರು. ಸರಕಾರವೇ ಕೋವಿನ್ನಿನ ಕಿಟಕಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿತ್ತು. ಚೆನ್ನೈನ ಬರ್ಟಿ ಥಾಮಸ್ ಎಂಬ ಪ್ರೋಗ್ರಾಮರ್ ‘ಅಂಡರ್45’ ಎಂಬ ತಾಣವನ್ನು ಮಾಡಿದರು. ಯಾವ ಜಿಲ್ಲೆಯಲ್ಲಿ ಎಲ್ಲಿ ಸ್ಥಳ ಖಾಲಿಯಾಯಿತೆಂಬುದನ್ನು ಅದು ತಾನೇ ವಿಚಾರಿಸಿ ಟೆಲಿಗ್ರಾಮಿನಲ್ಲಿ ಸುದ್ದಿ ಮುಟ್ಟಿಸುತ್ತಿತ್ತು. ಇಂಥವು ದೇಶದಲ್ಲೆಲ್ಲ ಹತ್ತಾರು ಹುಟ್ಟಿದವು. ದುಡ್ಡಿಗಾಗಿ ಅಲ್ಲ, ತನ್ನ ತಾಯಿಗೆ, ನೆರೆಮನೆಯವರಿಗೆ ಬೇಕೆಂದು ಬರೆದದ್ದನ್ನೇ ಊರಿಗೆಲ್ಲ ಹಂಚಿದವರು ಬಹಳ ಮಂದಿ.

ಮೇ ಮೊದಲ ವಾರದಲ್ಲೇ ನಿಯಮ ಬಿಗಿಯಾಯಿತು. ಒಂದು ವಿಳಾಸದಿಂದ ಐದು ನಿಮಿಷಕ್ಕೆ ನೂರೇ ಪ್ರಶ್ನೆ. ಸಿಗುವ ಉತ್ತರವೂ ಮೂವತ್ತು ನಿಮಿಷದಷ್ಟು ಹಳತಾಗಿರಬಹುದು ಎಂದಾಯಿತು. ನಾವು ಗುಮಾಸ್ತರು, ಲೆಕ್ಕ ಹಾಕಿ ನೋಡಿದೆವು. ಕ್ಷಣದಲ್ಲಿ ತುಂಬಿಹೋಗುವ ಸರದಿಯ ಸುದ್ದಿ ಅರ್ಧ ಗಂಟೆ ತಡವಾಗಿ ಬಂದರೆ ಅದು ನಿನ್ನೆಯ ಪಂಚಾಂಗವಿದ್ದಂತೆ. ಹೋದ ಬಸ್ಸಿಗೆ ಕೈ ಅಡ್ಡ ಹಿಡಿದಂತೆ.

ಸರಕಾರಕ್ಕೂ ಕಾರಣವಿಲ್ಲದೆ ಇರಲಿಲ್ಲ. ಪ್ರೋಗ್ರಾಮು ಬರೆಯಬಲ್ಲವರು ಕೆಲವರು ಸುದ್ದಿ ತಿಳಿಸುವುದನ್ನು ಬಿಟ್ಟು, ತಮ್ಮ ಸರದಿಯನ್ನು ಯಂತ್ರದಿಂದಲೇ ಹಿಡಿಸತೊಡಗಿದ್ದರು. ಕೈಯಲ್ಲಿ ಒತ್ತುವ ಮನುಷ್ಯನಿಗೆ ಯಂತ್ರದ ಮುಂದೆ ಎಲ್ಲಿಯ ಪಾಲು? ಯಂತ್ರಗಳ ಗದ್ದಲಕ್ಕೆ ಮೂಲ ತಾಣವೇ ತತ್ತರಿಸುವ ಭಯವೂ ಇತ್ತು. ಅದನ್ನು ತಡೆದದ್ದು ನ್ಯಾಯವೇ. ಆದರೆ ಸರದಿ ಕದಿಯುವವನಿಗೂ, ಸರದಿ ಬಂತೆಂದು ಕೂಗಿ ಹೇಳುವವನಿಗೂ ಒಂದೇ ಬೀಗ ಹಾಕಿದ್ದು ನ್ಯಾಯವೆಂದು ನಮಗೆ ತೋರುವುದಿಲ್ಲ. ಕದಿಯುವವನನ್ನು ತಡೆಯಲು ಸರದಿ ಹಿಡಿಯುವ ಬಾಗಿಲಲ್ಲಿ ಕಾವಲಿಟ್ಟರೆ ಸಾಕಿತ್ತು. ಮುಂದೆ ಅಲ್ಲಿ ಅಕ್ಷರ ಗುರುತಿಸುವ ಪರೀಕ್ಷೆಯನ್ನೂ ಇಟ್ಟರು. ಜೂನ್ 21ರ ನಂತರವಂತೂ ಮುಂಚಿತವಾಗಿ ನೋಂದಾಯಿಸದೆಯೇ ಲಸಿಕಾ ಕೇಂದ್ರಕ್ಕೆ ನೇರವಾಗಿ ಹೋಗುವ ದಾರಿಯಾಯಿತು. ಕಾಡಿದ್ದ ಕಾಟ ಅಲ್ಲಿಗೆ ಇಳಿಯಿತು.

ಕಿಟಕಿಯೇ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೂ ಈ ರಾಜ್ಯದಲ್ಲೇ ಉದಾಹರಣೆಯುಂಟು. ಕೊರೋನಾದ ಮೊದಲ ರೋಗಿ ತ್ರಿಶ್ಶೂರಿನಲ್ಲಿ ಕಂಡದ್ದು 2020ರ ಜನವರಿ 30ರಂದು. ಸರಕಾರ ದಿನದಿನವೂ ಪ್ರಕಟಣೆ ಹೊರಡಿಸುತ್ತಿತ್ತು, ಆದರೆ ಯಂತ್ರ ಓದಬಲ್ಲ ರೂಪದಲ್ಲಿ ಅಲ್ಲ. ಆಗ ಸ್ವಯಂಸೇವಕರು ಒಂದುಗೂಡಿ ಆ ಪ್ರಕಟಣೆಗಳಿಂದ ಅಂಕಿಗಳನ್ನು ಆರಿಸಿ ಪಟ್ಟಿಮಾಡಿ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಭಂಡಾರವೊಂದನ್ನು ಕಟ್ಟಿದರು. ಆ ಬಳಗದಲ್ಲಿ ಮುಂದಾಳಾಗಿದ್ದವರು ನಮ್ಮ ಕಾಸರಗೋಡಿನ ಸರಕಾರಿ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರೆಂದು ತಿಳಿದಾಗ, ಮೊನ್ನೆ ಮೊನ್ನೆಯ ತನಕ ಆ ಊರಿನ ಹೆಸರೆತ್ತಿದರೆ ನಿಟ್ಟುಸಿರಷ್ಟೇ ಬಿಡುತ್ತಿದ್ದ ನಮಗೆ ಸ್ವಲ್ಪ ಎದೆ ಉಬ್ಬಿತೆಂದು ಹೇಳಿದರೆ ತಾವು ತಪ್ಪು ತಿಳಿಯಬಾರದು.

ಇನ್ನು ದೊಡ್ಡ ವ್ಯಾಪಾರಿಗಳ ಕಡೆ ನೋಡೋಣ. ಅಲ್ಲಿ ಕಥೆಯ ಬಣ್ಣವೇ ಬೇರೆ. ಟ್ವಿಟರ್ ಕಂಪನಿ ಎಳೆಯದಾಗಿದ್ದಾಗ ಅದರ ಸಂದೇಶಗಳನ್ನು ಓದಲು ಟ್ವಿಟರಿಫಿಕ್ ಎಂಬ ಆಪನ್ನು ಮಾಡಿದವರು ಹೊರಗಿನ ಸಣ್ಣ ಸಂಸ್ಥೆಯವರು. ‘ಟ್ವೀಟ್’ ಎಂಬ ಮಾತನ್ನೂ ಹಕ್ಕಿಯ ಚಿತ್ರವನ್ನೂ ಬಳಕೆಗೆ ತಂದವರೂ ಅವರೇ. 2023ರ ಜನವರಿಯಲ್ಲಿ ಅಂಥ ಆಪುಗಳನ್ನೆಲ್ಲ ಮುನ್ಸೂಚನೆಯಿಲ್ಲದೆ ಕತ್ತರಿಸಿ ಹಾಕಲಾಯಿತು. ಫೆಬ್ರವರಿಯಲ್ಲಿ, ಬಿಟ್ಟಿ ಎಪಿಐ ಇನ್ನಿಲ್ಲವೆಂದು ಒಂದು ವಾರದ ಗಡುವಿನಲ್ಲಿ ಸಾರಿದರು. ರೆಡಿಟ್ ಎಂಬ ಇನ್ನೊಂದು ಸಂಸ್ಥೆಗೆ 2016ರ ತನಕ ಅದರ ಈಗಿನ ಮೊಬೈಲ್ ಆಪು ಇರಲಿಲ್ಲ. ಹೊರಗಿನವರ ಆಪುಗಳ ಹೆಗಲೇರಿಯೇ ಅದು ಜನರ ಕೈಗೆ ಬಂತು. ಅದೂ 2023ರ ಏಪ್ರಿಲಿನಲ್ಲಿ ಕಿಟಕಿಗೆ ಸುಂಕವೆಂದಿತು: ಸಾವಿರ ಪ್ರಶ್ನೆಗೆ 24 ಸೆಂಟು. ಕೇಳಲು ಪುಡಿಗಾಸು. ಆದರೆ ಕೆನಡಾದ ಕ್ರಿಶ್ಚಿಯನ್ ಸೆಲಿಗ್ ಒಬ್ಬರೇ ನಡೆಸುತ್ತಿದ್ದ ಅಪೋಲೋ ಎಂಬ ಆಪಿನ ಬಳಕೆಗೆ ಆ ದರದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಆಗುತ್ತದೆಂದು ಅವರು ಲೆಕ್ಕ ತೋರಿಸಿ, ಜೂನ್ 30ಕ್ಕೆ ಅಂಗಡಿ ಮುಚ್ಚಿದರು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಏಕೆ ಎಂಬುದು ಅಮೆರಿಕದಲ್ಲಿಯೂ ಚಲಾವಣೆಯಲ್ಲಿರುವ ನಾಣ್ಯವೇ.

ಇದೆಲ್ಲ ದೂರದ ಊರಿನ ಸಂಗತಿಯೆನ್ನುವಿರಾ? ನಮ್ಮ ಬಳಗದ ಹುಡುಗನೊಬ್ಬ ಬಿಡುವಿನ ವೇಳೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಮು ಬರೆದಿದ್ದ. ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಕನ್ನಡ ಚಿತ್ರವೋ ಯಕ್ಷಗಾನವೋ ಇದ್ದರೆ ಅದು ಒಂದು ಸಾಮಾಜಿಕ ಜಾಲದಲ್ಲಿ ತಾನಾಗಿ ಸುದ್ದಿ ಹಾಕುತ್ತಿತ್ತು. ಜಾಲದ ಹೆಸರು ಬೇಡ. ತಿಂಗಳಿಗೆ ಮೂವತ್ತು ನಲವತ್ತು ಸುದ್ದಿ ಅಷ್ಟೆ. ಅವನಿಗೆ ಅದರಿಂದ ಕಾಸೂ ಇಲ್ಲ. ಒಂದು ಬೆಳಿಗ್ಗೆ ಓಲೆ ಬಂತು, ಇನ್ನು ಮುಂದೆ ತಿಂಗಳ ಶುಲ್ಕ ಕಟ್ಟತಕ್ಕದ್ದೆಂದು. ಆ ಮೊತ್ತ ನಾವು ಈ ಸಭಾಂಗಣಕ್ಕೆ ಕಟ್ಟುವ ಬಾಡಿಗೆಗಿಂತ ಹೆಚ್ಚು. ಬೇಡಿಕೊಂಡು ಬರೆದ ಕಾಗದಕ್ಕೆ ಯಂತ್ರವೇ ಉತ್ತರ ಕೊಟ್ಟಿತು. ಹುಡುಗ ಪ್ರೋಗ್ರಾಮನ್ನು ನಿಲ್ಲಿಸಿದ. ಅದಾದ ಮೇಲೆ ತಿರುವನಂತಪುರದಲ್ಲಿ ನಡೆದ ಒಂದು ತಾಳಮದ್ದಲೆಗೆ ಹನ್ನೆರಡು ಜನ ಬಂದಿದ್ದರು. ಪ್ರೋಗ್ರಾಮು ಇದ್ದಿದ್ದರೆ ಇನ್ನೂರು ಜನ ಬರುತ್ತಿದ್ದರೆಂದು ನಾವು ಹೇಳುವುದಿಲ್ಲ. ಇಪ್ಪತ್ತೈದಾದರೂ ಬರುತ್ತಿದ್ದರು.

ಬಿಗಿ ನಿಯಮವೆಲ್ಲ ಕೆಟ್ಟದ್ದೆಂದು ಕೌಂಟರಿನ ಒಳಗೆ ಕೂರುವ ನಾವು ಹೇಳಿದರೆ ನಗೆಪಾಟಲಾದೀತು. ಯುಪಿಐಯನ್ನೇ ನೋಡಿ. 2025ರ ಏಪ್ರಿಲ್ 12ರಂದು ಅದು ದೇಶದಲ್ಲೆಲ್ಲ ಗಂಟೆಗಟ್ಟಲೆ ಮುಗ್ಗರಿಸಿತು. ‘ಆ ಹಣ ಹೋಯಿತೆ, ಹೋಯಿತೆ’ ಎಂದು ಮತ್ತೆ ಮತ್ತೆ ವಿಚಾರಿಸುವ ಪ್ರಶ್ನೆಗಳ ನೂಕುನುಗ್ಗಲೇ ಅದಕ್ಕೆ ಕಾರಣವೆಂದು ಕಂಡುಬಂತು. ಆ ವರ್ಷದ ಆಗಸ್ಟಿನಿಂದ ರಾಷ್ಟ್ರೀಯ ಪಾವತಿ ನಿಗಮದವರು ಮಿತಿ ಹಾಕಿದರು: ಒಂದು ಆಪಿನಲ್ಲಿ ಒಬ್ಬನು ದಿನಕ್ಕೆ 50 ಸಲ ಮಾತ್ರ ಬಾಕಿ ನೋಡಬಹುದು. (ಐವತ್ತು ಸಲ ನೋಡಿದರೂ ಬಾಕಿ ಬೆಳೆಯುವುದಿಲ್ಲವೆಂಬುದು ನಮ್ಮ ವೃತ್ತಿಯ ಅನುಭವ.) ಈ ನಿಯಮದಲ್ಲಿ ನಾವು ಮೆಚ್ಚತಕ್ಕದ್ದು ಒಂದುಂಟು. ಮಿತಿ ದೊಡ್ಡ ಕಂಪನಿಯ ಆಪಿಗೂ ಸಣ್ಣದಕ್ಕೂ ಒಂದೇ, ಮುಂಚಿತವಾಗಿ ತಿಳಿಸಿದರು, ಏಕೆಂದೂ ಹೇಳಿದರು. ಇಷ್ಟಿದ್ದರೆ ಸಣ್ಣವನು ಹೇಗಾದರೂ ತನ್ನ ಅಂಗಡಿಯನ್ನು ಹೊಂದಿಸಿಕೊಂಡಾನು. ಅವನನ್ನು ಕೊಲ್ಲುವುದು ಮಿತಿಯಲ್ಲ. ದೊಡ್ಡವನಿಗಷ್ಟೇ ಎಟಕುವ ದರ, ಮತ್ತು ರಾತ್ರೋರಾತ್ರಿ ಬದಲಾಗುವ ಮಾತು.

ಕೊಚ್ಚಿ ಈ ವಿಷಯದಲ್ಲಿ ಬೇರೊಂದು ದಾರಿಯನ್ನೂ ತೋರಿಸಿದೆ. ಇಲ್ಲಿಯ ಮೆಟ್ರೋ 2017ರ ಜೂನಿನಲ್ಲಿ ಓಡತೊಡಗಿತು. ಮರುವರ್ಷವೇ ಮೆಟ್ರೋದವರು ತಮ್ಮ ನಿಲ್ದಾಣ, ವೇಳಾಪಟ್ಟಿ, ದರಗಳ ಮಾಹಿತಿಯನ್ನು ಜಗತ್ತಿನ ಸಾರಿಗೆಯವರೆಲ್ಲ ಒಪ್ಪಿದ ನಮೂನೆಯ ಕಡತಗಳಾಗಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ದೇಶದ ಮೆಟ್ರೋಗಳಲ್ಲಿ ಹೀಗೆ ಮಾಡಿದವರಲ್ಲಿ ಇವರೇ ಮೊದಲಿಗರು. ಕಡತವನ್ನು ಒಮ್ಮೆ ಇಳಿಸಿಕೊಂಡರೆ ಆಯಿತು; ದಿನವೂ ಕಿಟಕಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ.

2021ರ ಜುಲೈಯಲ್ಲಿ ಇದೇ ಊರಿನಲ್ಲಿ ‘ಯಾತ್ರಿ’ ಎಂಬ ಟ್ಯಾಕ್ಸಿ ಆಪು ಹೊರಟಿತು. ಬೆಕನ್ ಎಂಬ ಮುಕ್ತ ಕಟ್ಟಳೆಯ ಮೇಲೆ ಅದನ್ನು ಕಟ್ಟಿದವರು ಬೆಂಗಳೂರಿನ ಜಸ್‌ಪೇ ಸಂಸ್ಥೆಯವರು. ಆ ಕಟ್ಟಳೆಯನ್ನು ಅನುಸರಿಸುವ ಯಾರು ಬೇಕಾದರೂ ತಮ್ಮದೇ ಆಪನ್ನು ಜೋಡಿಸಬಹುದು. ಕಿಟಕಿಗೆ ಒಬ್ಬನೇ ಒಡೆಯನಿಲ್ಲ. 2022ರ ನವೆಂಬರಿನಲ್ಲಿ ಅದೇ ಬೆಂಗಳೂರಿಗೆ ಹೋಗಿ ‘ನಮ್ಮ ಯಾತ್ರಿ’ ಆಯಿತು. ಆಟೋದವರ ಬಾಡಿಗೆಯಲ್ಲಿ ಕಮಿಷನ್ ಹಿಡಿಯುವುದಿಲ್ಲವೆಂದು ಹೆಸರು ಮಾಡಿತು. ಬೆಂಗಳೂರಿನ ನೆಂಟರು ಇದನ್ನು ತಮ್ಮೂರಿನ ಸೃಷ್ಟಿಯೆಂದು ಕೊಚ್ಚಿಕೊಂಡಾಗ, ಅದು ಮೊದಲು ಅಂಬೆಗಾಲಿಟ್ಟದ್ದು ನಮ್ಮ ಕೊಚ್ಚಿಯಲ್ಲೆಂದು ತಾವು ಧಾರಾಳವಾಗಿ ಹೇಳಬಹುದು.

ರಾಜ್ಯೋತ್ಸವದ ಸಂಚಿಕೆಗೆ ಹೊಂದುವ ಇನ್ನೊಂದು ಸಂಗತಿ ಇದೆ. ಮಲೆಯಾಳದ ಮಿತ್ರರು ‘ಓಳಂ’ ಎಂಬ ಅಂತರ್ಜಾಲ ನಿಘಂಟನ್ನು ಬಳಸುವುದನ್ನು ನೋಡಿರುತ್ತೀರಿ. 2010ರಿಂದ ಅದನ್ನು ನಡೆಸಿದವರು ಕೈಲಾಶ್ ನಾಧ್. ಇತ್ತ ವಿ. ಕೃಷ್ಣ ಅವರು ಯಾವ ವಿಶ್ವವಿದ್ಯಾಲಯದ ಆಸರೆಯೂ ಇಲ್ಲದೆ ದಶಕಗಳ ಕಾಲ ಒಬ್ಬರೇ ಕುಳಿತು ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ಕಟ್ಟುತ್ತಿದ್ದರು: ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟ ಪದಗಳು. 2019ರಲ್ಲಿ ಆ ಮಲೆಯಾಳಿ ಮಹನೀಯರ ನೆರವಿನಿಂದ ಅದು ‘ಅಲರ್’ ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಬಂತು. ಬಂದದ್ದಷ್ಟೇ ಅಲ್ಲ, ಇಡೀ ಪದಕೋಶವನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟುಬಿಟ್ಟರು. ನಾಳೆ ನಮ್ಮ ಮಕ್ಕಳಲ್ಲೊಬ್ಬಳು ಕೇರಳದಲ್ಲಿ ಬೆಳೆಯುವ ಕನ್ನಡ ಮಕ್ಕಳಿಗೆಂದು ಒಂದು ಪದದ ಆಟವನ್ನು ಮಾಡಬೇಕೆಂದರೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ, ತಿಂಗಳ ಸುಂಕ ಕಟ್ಟಬೇಕಾಗಿಲ್ಲ. ನಲವತ್ತು ವರ್ಷದ ದುಡಿಮೆಯನ್ನು ಹೀಗೆ ಕೈಯೆತ್ತಿ ಕೊಟ್ಟವರ ಮುಂದೆ, ಎರಡು ದಿನ ಮೊದಲು ಓಲೆ ಕಳಿಸಿ ಕಿಟಕಿ ಮುಚ್ಚುವ ಕುಬೇರರು ನಮ್ಮ ಕಣ್ಣಿಗೆ ಬಹಳ ಬಡವರಾಗಿ ಕಾಣುತ್ತಾರೆ.

ಕಾರ್ಯಕಾರಿ ಸಮಿತಿಗೆ ನಮ್ಮದೊಂದು ಬಿನ್ನಹ. ನಮ್ಮ ಕಾರ್ಯಕ್ರಮಗಳ ಪಟ್ಟಿ, ಕನ್ನಡ ಕಲಿಸುವ ತರಗತಿಗಳ ವೇಳೆ, ವಾಚನಾಲಯದ ಪುಸ್ತಕಗಳ ಯಾದಿ ಇವೆಲ್ಲ ಈಗ ಯಾವುದೋ ಕಂಪನಿಯ ಗುಂಪಿನೊಳಗೆ ಸಂದೇಶಗಳಾಗಿ ಹುದುಗಿವೆ. ಅವನ್ನು ಸಾದಾ ಕಡತಗಳಾಗಿ ನಮ್ಮದೇ ತಾಣದಲ್ಲಿ ಇಡಬೇಕು. ಖರ್ಚು ಹೆಚ್ಚಿಲ್ಲ, ಅಂದಾಜು ಪತ್ರಿಕೆಯನ್ನು ಖಜಾಂಚಿಗಳ ಕೈಗೆ ಆಗಲೇ ಕೊಟ್ಟಿದ್ದೇವೆ. ಯಾದಿಯನ್ನು ಟೈಪು ಮಾಡಲು ಇಬ್ಬರು ಬೇಕು, ಒಬ್ಬರು ಸಿಕ್ಕಿದ್ದಾರೆ. ಇನ್ನೊಬ್ಬರು ಸಭೆ ಮುಗಿದ ಮೇಲೆ ಕಾಫಿಯ ಹತ್ತಿರ ನಮ್ಮನ್ನು ಕಾಣಬಹುದು.